ತಲೆಗೆ ಪೆಟ್ಟಾದ ಗುಮಾಸ್ತರನ್ನು ಮತ್ತೆ ಕೌಂಟರಿಗೆ ಕೂರಿಸುವುದು ಹೇಗೆ?

ಸೊಸೈಟಿ ಕಾರ್ಯದರ್ಶಿ (ಶಿರಸಿ ತಾಲೂಕು)

ನಮ್ಮದು ಗ್ರಾಮದ ಸೇವಾ ಸಹಕಾರಿ ಸಂಘ. ಗುಮಾಸ್ತರೊಬ್ಬರು, ವಯಸ್ಸು 38, ಐದು ತಿಂಗಳ ಹಿಂದೆ ದೇವಿಮನೆ ಘಟ್ಟದಲ್ಲಿ ಬೈಕ್ ಸ್ಕಿಡ್ ಆಗಿ ಬಿದ್ದರು. ಹುಬ್ಬಳ್ಳಿಯಲ್ಲಿ ತಲೆಯ ಆಪರೇಶನ್ ಆಯಿತು. ಈಗ ಚೆನ್ನಾಗಿ ನಡೆಯುತ್ತಾರೆ, ಮಾತು ಸರಿ ಇದೆ, ಹಳೆಯ ಸದಸ್ಯರ ಖಾತೆ ನಂಬರನ್ನು ಬಾಯಲ್ಲೇ ಹೇಳುತ್ತಾರೆ. ಡಾಕ್ಟರು "ಕೆಲಸಕ್ಕೆ ಫಿಟ್" ಎಂದು ಬರೆದುಕೊಟ್ಟಿದ್ದಾರೆ. ಆದರೆ ಮೂರು ದಿನ ಕೌಂಟರಿನಲ್ಲಿ ಕೂತಾಗ ಎರಡು ದಿನ ಕ್ಯಾಶ್ ತಾಳೆ ಆಗಲಿಲ್ಲ. ಹನ್ನೊಂದೂವರೆಗೆ ತಲೆನೋವು. ಮೂರನೇ ದಿನ ಗೊಬ್ಬರ ಕೇಳಲು ಬಂದ ಸದಸ್ಯರೊಬ್ಬರ ಮೇಲೆ ರೇಗಿದರು, ಮೊದಲು ಯಾರಿಗೂ ದನಿ ಎತ್ತಿದವರಲ್ಲ. ಆಡಳಿತ ಮಂಡಳಿಯಲ್ಲಿ ಒಬ್ಬರು ಇನ್ನಾರು ತಿಂಗಳು ರಜೆ ಕೊಡೋಣ ಎನ್ನುತ್ತಾರೆ, ಇನ್ನೊಬ್ಬರು ಲೆಕ್ಕ ಮುಗಿಸಿ ಕಳಿಸೋಣ ಎನ್ನುತ್ತಾರೆ. ಎರಡಕ್ಕೂ ಮನಸ್ಸಿಲ್ಲ. ಗೊತ್ತಿದ್ದವರು ಹಂತ ಹಂತವಾಗಿ ಹೇಳಿ.

ಕಾಳಿದಂಡೆ ಓಟಿ (ಔದ್ಯೋಗಿಕ ಚಿಕಿತ್ಸಕಿ, ಕಾರವಾರ)

ಕಾರ್ಯದರ್ಶಿಗಳೆ, ಮೊದಲು ಆ ಚೀಟಿಯ ವಿಷಯ. "ಫಿಟ್" ಎಂದರೆ ಗಾಯ ಮಾಗಿದೆ, ಸ್ಕ್ಯಾನಿನಲ್ಲಿ ಹೊಸ ತೊಂದರೆ ಇಲ್ಲ, ಕೈಕಾಲಿನಲ್ಲಿ ಬಲವಿದೆ ಎಂದಷ್ಟೆ. ಅಡಿಕೆ ಟೆಂಡರ್ ದಿನದ ಗದ್ದಲದಲ್ಲಿ ನೋಟು ಎಣಿಸಬಲ್ಲರೇ ಎಂಬುದನ್ನು ಯಾವ ಸಿಟಿ ಸ್ಕ್ಯಾನೂ ಹೇಳುವುದಿಲ್ಲ. ಬಿದ್ದ ರಭಸಕ್ಕೆ ತಲೆ ತಿರುಚಿದಾಗ ಮೆದುಳಿನೊಳಗಿನ ಉದ್ದನೆಯ ನರತಂತುಗಳು ಎಳೆದು ಹಾಳಾಗುತ್ತವೆ, ಅದು ಸಿಟಿಯಲ್ಲಿ ಹೆಚ್ಚಾಗಿ ಕಾಣುವುದೇ ಇಲ್ಲ. ಕಾಣುವುದು ಕೆಲಸದಲ್ಲಿ: ಯೋಚನೆ ನಿಧಾನ, ಎರಡು ಕಡೆ ಗಮನ ಕೊಡಲು ಆಗದು, ಬೇಗ ದಣಿವು. ನೆನಪು, ಗಮನ ಅಳೆಯುವ ಮೋಕಾ ಎಂಬ ಮೂವತ್ತು ಅಂಕದ ಪರೀಕ್ಷೆಯಲ್ಲಿ 27, 28 ತೆಗೆದವರೂ ಕೌಂಟರಿನಲ್ಲಿ ಎಡವುತ್ತಾರೆ. ಆ ಪರೀಕ್ಷೆ ಹತ್ತು ನಿಮಿಷದ್ದು, ಸದ್ದಿಲ್ಲದ ಕೋಣೆ, ಒಂದು ಸಲಕ್ಕೆ ಒಂದೇ ಪ್ರಶ್ನೆ. ಕೌಂಟರು ಹಾಗಿರುವುದಿಲ್ಲವಲ್ಲ.

ಖಾತೆ ನಂಬರು ಬಾಯಿಗೆ ಬರುವುದನ್ನು ನೋಡಿ ನೆನಪು ಸರಿ ಇದೆ ಎಂದುಕೊಳ್ಳಬೇಡಿ. ಹತ್ತು ವರ್ಷದ ಹಿಂದೆ ಕೂತ ನೆನಪು ಬೇರೆ, ಇವತ್ತು ಬೆಳಿಗ್ಗೆ ಯಾರು ಎಷ್ಟು ಕಟ್ಟಿದರು ಎಂಬುದು ಬೇರೆ. ಪೆಟ್ಟು ಬಿದ್ದವರಲ್ಲಿ ಸಾಮಾನ್ಯವಾಗಿ ಮೊದಲನೆಯದು ಉಳಿಯುತ್ತದೆ, ಎರಡನೆಯದು ಸೋರುತ್ತದೆ.

ಈಗ ಕೆಲಸ ಬಿಡಿಸಿ ನೋಡೋಣ. "ಕ್ಯಾಶ್" ಎಂದು ನೀವು ಒಂದೇ ಮಾತಿನಲ್ಲಿ ಹೇಳುತ್ತೀರಿ. ಒಳಗೆ ಏನೇನಿದೆ ನೋಡಿ: ಸದಸ್ಯರ ಮಾತು ಕೇಳುವುದು, ಪಾಸ್‌ಬುಕ್ ತೆಗೆಯುವುದು, ಮೊತ್ತ ನೆನಪಿಟ್ಟು ನೋಟು ಎಣಿಸುವುದು, ನಡುವೆ ಫೋನು ಬಂದರೆ ಬಿಟ್ಟಲ್ಲಿಗೇ ಮರಳುವುದು, ಕಂಪ್ಯೂಟರಿಗೆ ಹಾಕುವುದು, ರಸೀದಿ, ಚಿಲ್ಲರೆ, ಮುಂದಿನವರು. ಇವರು ಸೋಲುತ್ತಿರುವುದು ಎಣಿಕೆಯಲ್ಲಿ ಅಲ್ಲ, ಬಿಟ್ಟಲ್ಲಿಗೆ ಮರಳುವುದರಲ್ಲಿ ಇರಬಹುದು. ಪರೀಕ್ಷಿಸಲು ಸುಲಭ ದಾರಿ: ಬಾಗಿಲು ಹಾಕಿದ ಕೋಣೆಯಲ್ಲಿ ನಿನ್ನೆಯ ಇಪ್ಪತ್ತು ವೋಚರು ಕೊಟ್ಟು ಖತಾವಣಿ (ಖಾತೆ ಪುಸ್ತಕಕ್ಕೆ ಏರಿಸುವುದು) ಮಾಡಿಸಿ. ಮರುದಿನ ಇನ್ನಿಪ್ಪತ್ತು, ಈ ಸಲ ಮೂರು ಬಾರಿ ಮಾತಾಡಿಸಿ ತಡೆಯಿರಿ. ಮೊದಲ ದಿನ ತಪ್ಪು ಶೂನ್ಯ, ಎರಡನೇ ದಿನ ನಾಲ್ಕು ಬಂದರೆ ಉತ್ತರ ಸಿಕ್ಕಿತು: ಸದ್ಯಕ್ಕೆ ಕ್ಯಾಶ್ ಬೇಡ, ಖತಾವಣಿ ಧಾರಾಳವಾಗಿ ಕೊಡಿ.

ಹಾಗೆ ಮಾಡುವಾಗ ಶುರುವಿಗೆ ಅವರನ್ನೇ ಕೇಳಿ, "ಇಪ್ಪತ್ತರಲ್ಲಿ ಎಷ್ಟು ತಪ್ಪಾಗಬಹುದು?" ಅವರು ಹೇಳಿದ್ದನ್ನು ಚೀಟಿಯಲ್ಲಿ ಬರೆದಿಡಿ. ಮುಗಿದ ಮೇಲೆ ಇಬ್ಬರೂ ಕೂತು ತಾಳೆ ನೋಡಿ. ಮೆದುಳಿನ ಮುಂಭಾಗಕ್ಕೆ ಪೆಟ್ಟಾದವರಲ್ಲಿ ಹಲವರಿಗೆ ತಮ್ಮ ಕೊರತೆ ತಮಗೇ ಗೊತ್ತಾಗುವುದಿಲ್ಲ. ಅದು ಹಠವಲ್ಲ, ಸುಳ್ಳೂ ಅಲ್ಲ. ವಾದ ಮಾಡಿದರೆ ತಿರುಗಿ ಬೀಳುತ್ತಾರೆ. ತಮ್ಮ ಅಂದಾಜು ಮತ್ತು ತಮ್ಮ ಫಲಿತಾಂಶ ಅಕ್ಕಪಕ್ಕ ಕಂಡಾಗ ನಿಧಾನವಾಗಿ ಅರಿವು ಬರುತ್ತದೆ.

ಗದ್ದೆಬದು (ಅಂಕೋಲಾ)

ಇಷ್ಟೆಲ್ಲ ಯಾಕೆ ಮಾರಾಯ್ರೆ? ತಲೆಗೆ ಪೆಟ್ಟು ಅಂದರೆ ಸಣ್ಣದಲ್ಲ. ಒಂದು ವರ್ಷ ಮನೆಯಲ್ಲಿ ಆರಾಮ ಮಾಡಲಿ, ಪೂರ್ತಿ ಗುಣವಾದ ಮೇಲೆ ಬರಲಿ.

ನರವಿಭಾಗ (ವೈದ್ಯ, ಕುಮಟಾ)

ಕಾಳಜಿ ಸರಿ, ಆದರೆ ಪೂರ್ತಿ ಗುಣವಾಗಲಿ ಎಂದು ಕಾಯುವುದು ಇವರಿಗೆ ಒಳ್ಳೆಯದು ಮಾಡುವುದಿಲ್ಲ. ಹಗುರ ಪೆಟ್ಟಿನಲ್ಲೂ ಈಗ ಪೂರ್ಣ ವಿಶ್ರಾಂತಿ ಹೇಳುವುದು ಮೊದಲ 24ರಿಂದ 48 ತಾಸು ಮಾತ್ರ, ಆಮೇಲೆ ಹಂತ ಹಂತವಾಗಿ ಚಟುವಟಿಕೆ. ದೊಡ್ಡ ಪೆಟ್ಟಿನಲ್ಲಿ ಚೇತರಿಕೆ ಮೊದಲ ಆರು ತಿಂಗಳು ಚುರುಕು, ಎರಡು ವರ್ಷ ಕಳೆದ ಮೇಲೂ ನಿಧಾನವಾಗಿ ನಡೆಯುತ್ತದೆ. ಆ ಎರಡು ವರ್ಷ ಮನೆಯ ಜಗಲಿಯಲ್ಲಿ ಕೂತರೆ ನಿದ್ದೆಯ ಹೊತ್ತು ಕೆಡುತ್ತದೆ, ಖಿನ್ನತೆ ಬರುತ್ತದೆ, ಕೆಲಸದ ಕೈ ತಪ್ಪುತ್ತದೆ. ಅಳತೆಗೆ ತಕ್ಕ ಕೆಲಸ ಚಿಕಿತ್ಸೆಯ ಭಾಗವೇ.

ಪೆಟ್ಟು ಎಷ್ಟು ದೊಡ್ಡದು ಎಂದು ತಿಳಿಯಲು ಡಿಸ್ಚಾರ್ಜ್ ಕಾರ್ಡಿನಲ್ಲಿ ಜಿಸಿಎಸ್ (ಪ್ರಜ್ಞೆಯ ಮಟ್ಟ ಅಳೆಯುವ ಅಂಕ) ನೋಡಿ: 13–15 ಹಗುರ, 9–12 ಮಧ್ಯಮ, 8 ಮತ್ತು ಕೆಳಗೆ ತೀವ್ರ. ಅದಕ್ಕಿಂತ ಉಪಯುಕ್ತವಾದದ್ದು ನೆನಪು ಮರಳಿದ ದಿನ. ಕಣ್ಣು ಬಿಟ್ಟ ದಿನ ಅಲ್ಲ, ದಿನದಿಂದ ದಿನಕ್ಕೆ ನೆನಪು ಸಾಲಾಗಿ ಹಿಡಿಯತೊಡಗಿದ ದಿನ. ಮನೆಯವರನ್ನು ಕೇಳಬೇಡಿ, ಅವರನ್ನೇ ಕೇಳಿ: "ಬಿದ್ದ ಮೇಲೆ ನಿಮಗೆ ನೆನಪಿರುವ ಮೊದಲ ವಿಷಯ ಯಾವುದು? ಅದರ ಮರುದಿನ?" ಆ ಮಬ್ಬು ಒಂದು ದಿನದೊಳಗೆ ಮುಗಿದಿದ್ದರೆ ಹಗುರ, ಒಂದರಿಂದ ಏಳು ದಿನ ಮಧ್ಯಮ, ಏಳು ದಿನ ದಾಟಿದರೆ ತೀವ್ರ. ನಾಲ್ಕು ವಾರ ದಾಟಿದ್ದರೆ ಹಳೆಯ ಹುದ್ದೆಗೆ ಹಾಗೆಯೇ ಮರಳುವುದು ಕಷ್ಟ ಎಂದುಕೊಂಡೇ ಯೋಜನೆ ಹಾಕಿ.

ದಣಿವು, ಸಿಡುಕು ಎಲ್ಲವನ್ನೂ ಪೆಟ್ಟಿನ ತಲೆಗೆ ಕಟ್ಟಬೇಡಿ. ಗುಣಪಡಿಸಬಹುದಾದ ಕಾರಣಗಳಿವೆ. ಫಿಟ್ಸ್ ಬಾರದಿರಲೆಂದು ಕೊಡುವ ಲೆವೆಟಿರಾಸಿಟಾಮ್ ಕೆಲವರಲ್ಲಿ ಸಿಟ್ಟು ತರುತ್ತದೆ. ಫೆನಿಟಾಯಿನ್ ಪ್ರಮಾಣ ಹೆಚ್ಚಾದರೆ ನಡೆ ತೂರಾಡುತ್ತದೆ, ಮಂಪರು ಬರುತ್ತದೆ. ಪೆಟ್ಟಿನಿಂದ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಎಂಬ ಹಾರ್ಮೋನು ಗ್ರಂಥಿ ಸೊರಗಿದ್ದರೆ ಬೆಳಗಿನ ಕಾರ್ಟಿಸಾಲ್ ಮತ್ತು ಥೈರಾಯ್ಡ್ ಪರೀಕ್ಷೆಯಲ್ಲಿ ಸುಳಿವು ಸಿಗುತ್ತದೆ. ಸೋಡಿಯಂ, ಬಿ12, ಗೊರಕೆ, ಖಿನ್ನತೆ ಇವನ್ನೂ ಕೇಳಿ. ಮಾತ್ರೆಯನ್ನು ಮಾತ್ರ ತಾವೇ ನಿಲ್ಲಿಸಬಾರದು. ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರುವ ಸಾಧ್ಯತೆ ಏರುತ್ತದೆ.

ತಲೆನೋವು ದಿನದಿಂದ ದಿನಕ್ಕೆ ಹೆಚ್ಚುವುದು, ವಾಂತಿ, ಹಗಲು ತೂಕಡಿಕೆ, ಒಂದು ಬದಿ ಕೈಕಾಲು ಸೋಲುವುದು, ಅಥವಾ ನಡಿಗೆ ನಿಧಾನವಾಗಿ ಮೂತ್ರದ ಹಿಡಿತ ತಪ್ಪುವುದು, ಇವು ಕಂಡರೆ ಕೆಲಸದ ಮಾತು ಬಿಟ್ಟು ಅವತ್ತೇ ಆಸ್ಪತ್ರೆ. ತಲೆಬುರುಡೆಯ ತುಂಡು ತೆಗೆದಿದ್ದು ಮರಳಿ ಕೂರಿಸಿಲ್ಲವಾದರೆ ಅದು ಆಗುವವರೆಗೆ ಗೋದಾಮು, ಚೀಲ, ಜನಜಂಗುಳಿ ಯಾವುದೂ ಬೇಡ.

ಬೈಕು ಈಗ ಬೇಡವೇ ಬೇಡ. ಲೈಸನ್ಸಿನ ಫಾರ್ಮ್ 1ರಲ್ಲಿ ಅಪಸ್ಮಾರ, ಹಠಾತ್ತನೆ ಪ್ರಜ್ಞೆ ತಪ್ಪುವುದು, ತಲೆಸುತ್ತು ಇದೆಯೇ ಎಂದು ನೇರ ಪ್ರಶ್ನೆ ಇದೆ, ಅಲ್ಲಿ ಸುಳ್ಳು ಬರೆಯುವಂತಿಲ್ಲ. ಫಿಟ್ಸ್ ಬಂದಿಲ್ಲವಾದರೂ ದೃಷ್ಟಿಯ ಒಂದು ಬದಿ ಹೋಗಿದೆಯೇ, ಪ್ರತಿಕ್ರಿಯೆ ನಿಧಾನವೇ ಎಂದು ನೋಡದೆ ಯಾರೂ ಒಪ್ಪಿಗೆ ಕೊಡಬಾರದು. ಹಾಗಾಗಿ ಅವರು ಹೇಗೆ ಬರುತ್ತಾರೆ ಎಂಬುದು ಕೂಡ ಕೆಲಸದ ಲೆಕ್ಕಕ್ಕೆ ಸೇರಬೇಕು. ತಿರುವಿನ ರಸ್ತೆಯಲ್ಲಿ ಮುಕ್ಕಾಲು ತಾಸು ಬಸ್ಸಿನಲ್ಲಿ ನಿಂತು ಬಂದವರ ಶಕ್ತಿ ಕೌಂಟರಿಗೆ ಮುಟ್ಟುವಷ್ಟರಲ್ಲೇ ಅರ್ಧ ಮುಗಿದಿರುತ್ತದೆ.

ತೋಟಪಟ್ಟಿ (ಸಿದ್ದಾಪುರ)

ಗುಮಾಸ್ತರ ಮಾತಾಯಿತು. ನಮ್ಮ ಕಡೆ ತಲೆಗೆ ಪೆಟ್ಟು ಮಾಡಿಕೊಳ್ಳುವವರಲ್ಲಿ ಅಡಿಕೆ ಮರ ಹತ್ತಿ ಕೊಯ್ಯುವ ಕೊನೆಗೌಡರೂ ಬಹಳ. ಅವರನ್ನು ಯಾವ ಕೆಲಸಕ್ಕೆ ಹಚ್ಚಬಹುದು? ಮರ ಹತ್ತುವುದು ಬೇಡ ಎಂದು ಗೊತ್ತು, ದೋಟಿ ಕೊಟ್ಟರೆ ಆದೀತೆ? ಸುಲಿಯುವುದು? ಔಷಧಿ ತಯಾರಿಸುವುದು?

ಕಾಳಿದಂಡೆ ಓಟಿ

ಒಳ್ಳೆಯ ಪ್ರಶ್ನೆ. ಒಂದೊಂದಾಗಿ.

ದೋಟಿ ನೆಲದಿಂದಲೇ ಕೊಯ್ಯುವ ಸಾಧನ ಎಂದು ಸುರಕ್ಷಿತ ಅನಿಸುತ್ತದೆ. ಆದರೆ ತಾಸುಗಟ್ಟಲೆ ಕತ್ತು ಹಿಂದೆ ಮಡಚಿ ಮೇಲೆ ನೋಡಬೇಕು. ತಲೆಗೆ ಪೆಟ್ಟಾದಾಗ ಒಳಕಿವಿಯ ಸಣ್ಣ ಹರಳುಗಳು ಜಾಗ ಬಿಟ್ಟಿದ್ದರೆ ಕತ್ತು ಎತ್ತಿದೊಡನೆ ಲೋಕ ಗಿರ್ರನೆ ತಿರುಗುತ್ತದೆ, ಅಡಿಕೆ ಕೊನೆ ಬೀಳುವ ಜಾಗದಲ್ಲೇ ಅವರು ಬೀಳುತ್ತಾರೆ. ಕಿವಿ ಡಾಕ್ಟರು ಮಂಚದ ಮೇಲೆ ತಲೆ ತಿರುಗಿಸಿ ಮಲಗಿಸಿ ಎರಡು ನಿಮಿಷದಲ್ಲಿ ಪರೀಕ್ಷಿಸುತ್ತಾರೆ. ಎಪ್ಲಿ ಎಂಬ ಕ್ರಮದಲ್ಲಿ ತಲೆ ತಿರುಗಿಸಿ ಹರಳನ್ನು ಜಾಗಕ್ಕೆ ಕಳಿಸುತ್ತಾರೆ, ಹೆಚ್ಚಿನವರಿಗೆ ಒಂದೆರಡು ಸಲಕ್ಕೆ ಗುಣ. ಇದನ್ನು ಮಾಡಿಸದೆ ದೋಟಿ ಕೈಗೆ ಕೊಡಬೇಡಿ.

ಮೆಟ್ಟುಗತ್ತಿಯಲ್ಲಿ (ಮಣೆಗೆ ಕೂರಿಸಿದ ಕತ್ತಿ) ಅಡಿಕೆ ಸುಲಿಯುವುದು ಕೂತು ಮಾಡುವ, ಒಂದೇ ಲಯದ, ಕೈಗೆ ಹಳೆಯ ಪರಿಚಯದ ಕೆಲಸ. ನೆನಪಿನ ಭಾರ ಇಲ್ಲ. ಆದರೆ ಫಿಟ್ಸ್ ಹತೋಟಿಗೆ ಬರದವರಿಗೆ, ಕೈ ಮರಗಟ್ಟಿದವರಿಗೆ ಅಲುಗಿನ ಮುಂದೆ ಜಾಗವಿಲ್ಲ. ಸುಲಿಯುವ ಮೆಶಿನ್ನಿನ ಹತ್ತಿರ ಸದ್ದು, ಬೆಲ್ಟು ಎರಡೂ ಇರುವುದರಿಂದ ಅದು ಇನ್ನೂ ಕೊನೆಯಲ್ಲಿ.

ಆರಿಸುವ ಕೆಲಸ ನನ್ನ ಮೆಚ್ಚಿನದು. ಅಡಿಕೆಯನ್ನು ಚಾಲಿ, ಬಿಳೇಗೋಟು, ಕೋಕಾ ಎಂದು ದರ್ಜೆವಾರು ಬೇರೆ ಮಾಡುವುದು ಬಹಳ ವರ್ಷದ ಕಣ್ಣಿಗೆ ಪೆಟ್ಟಿನ ನಂತರವೂ ಬರುತ್ತದೆ. ಇಲ್ಲಿ ಆಗುವ ತಪ್ಪು ಬೇರೆಯೇ. ಬಲ ಮೆದುಳಿಗೆ ಪೆಟ್ಟಾದ ಕೆಲವರು ಎಡಬದಿಯನ್ನು ಗಮನಿಸುವುದೇ ಇಲ್ಲ. ತಟ್ಟೆಯ ಬಲ ಅರ್ಧ ಚೊಕ್ಕ, ಎಡ ಅರ್ಧ ಸುರಿದ ಹಾಗೇ. "ಅರ್ಧಂಬರ್ಧ ಕೆಲಸ" ಎಂದು ಬೈದರೆ ಪ್ರಯೋಜನವಿಲ್ಲ, ಕಣ್ಣು ಅಲ್ಲಿಗೆ ಹೋಗುತ್ತಿಲ್ಲ. ತಟ್ಟೆಯ ಎಡ ಅಂಚಿಗೆ ಉದ್ದಕ್ಕೂ ಕೆಂಪು ಟೇಪು ಹಚ್ಚಿ. ನಿಯಮ ಒಂದೇ: "ಕೆಂಪು ಕಂಡ ಮೇಲೆ ಶುರು." ಪ್ರತಿ ತಟ್ಟೆಗೆ ಎಡಗೈಯನ್ನು ಆ ಟೇಪಿನ ಮೇಲಿಟ್ಟು ಆರಂಭಿಸಲಿ. ಇವರೇ ಖಾತೆ ಪುಸ್ತಕ ಬರೆದರೂ ಎಡ ಕಾಲಂ ಬಿಟ್ಟುಹೋಗುತ್ತದೆ, ಅಲ್ಲೂ ಅದೇ ಕೆಂಪು ಗೆರೆ.

ಇನ್ನು ಬೋರ್ಡೋ (ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿ) ತಯಾರಿಸುವುದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಯಾವ ಕೆಲಸವನ್ನಾದರೂ ಹೀಗೆಯೇ ಒಡೆಯಬೇಕು. ಶೇಕಡಾ 1ರ ಲೆಕ್ಕ ಎಲ್ಲರಿಗೂ ಗೊತ್ತು: ಒಂದು ಕೆಜಿ ಮೈಲುತುತ್ತು 50 ಲೀಟರಿನಲ್ಲಿ, ಒಂದು ಕೆಜಿ ಸುಣ್ಣ 50 ಲೀಟರಿನಲ್ಲಿ, ಎರಡನ್ನೂ ಕೂಡಿಸುವುದು, ಕತ್ತಿ ಅದ್ದಿ ನೋಡುವುದು. ಕತ್ತಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಮೂವತ್ತು ವರ್ಷ ಮಾಡಿದವರೂ ಪೆಟ್ಟಿನ ನಂತರ ಎಲ್ಲಿ ತಪ್ಪುತ್ತಾರೆ? ಕ್ರಮದಲ್ಲಿ ಅಲ್ಲ. "ಮೈಲುತುತ್ತು ಹಾಕಿದೆನೋ ಇಲ್ಲವೋ" ಎಂಬಲ್ಲಿ. ಯಾರೋ ಕರೆದರು, ತಿರುಗಿ ಬಂದರು, ಮತ್ತೊಂದು ಕೆಜಿ ಸುರಿದರು. ಎರಡನೇ ತಪ್ಪು, ಕತ್ತಿ ಪರೀಕ್ಷೆ ಬಿಟ್ಟು ಡ್ರಮ್ ಸಾಗಿಸಿಬಿಡುವುದು.

ಪರಿಹಾರ ನೆನಪನ್ನು ನಂಬದಿರುವುದು. ಹಿಂದಿನ ದಿನವೇ ಬೇರೊಬ್ಬರು ಒಂದೊಂದು ಕೆಜಿ ತೂಗಿ ಕಟ್ಟಿಡಲಿ: ಮೈಲುತುತ್ತು ನೀಲಿ ಕೊಟ್ಟೆ (ಪ್ಲಾಸ್ಟಿಕ್ ಚೀಲ), ಸುಣ್ಣ ಬಿಳಿ ಕೊಟ್ಟೆ. ಸುರಿದೊಡನೆ ಖಾಲಿ ಕೊಟ್ಟೆಯನ್ನು ಅದೇ ಡ್ರಮ್ಮಿನ ಅಂಚಿಗೆ ಕ್ಲಿಪ್ಪು ಹಾಕಿ ಸಿಕ್ಕಿಸಬೇಕು. ತಿರುಗಿ ಬಂದವರು ಅಂಚು ನೋಡಿದರೆ ಸಾಕು. ಕತ್ತಿಯನ್ನು ಡ್ರಮ್ಮಿನ ಬಾಯಿಗೆ ಅಡ್ಡಲಾಗಿಡಿ, ಅದನ್ನು ಎತ್ತದೆ ಔಷಧಿ ತೆಗೆಯಲು ಆಗಬಾರದು. ಹೀಗೆ ವಸ್ತುವೇ ನೆನಪಾಗಬೇಕು.

ತೋಟಪಟ್ಟಿ

ಕೊಟ್ಟೆ ಸಿಕ್ಕಿಸುವುದು ಆರೋಗ್ಯವಾಗಿರುವವರಿಗೂ ಬೇಕಾದದ್ದೇ ಅಕ್ಕಾ. ಕಲಿಸುವಾಗ ಎಷ್ಟು ಸಲ ಹೇಳಬೇಕು? ಹೇಳಿದಾಗ ಹೂಂ ಎನ್ನುತ್ತಾರೆ, ಹತ್ತು ನಿಮಿಷಕ್ಕೆ ಮರೆಯುತ್ತಾರೆ.

ಕಾಳಿದಂಡೆ ಓಟಿ

"ಯೋಚಿಸಿ ಹೇಳು ನೋಡೋಣ" ಎಂದು ಊಹೆ ಮಾಡಿಸಬೇಡಿ. ನೆನಪು ಕೆಟ್ಟವರಿಗೆ ತಪ್ಪು ಉತ್ತರವೇ ಗಟ್ಟಿಯಾಗಿ ಕೂರುತ್ತದೆ. ನೀವೇ ಮಾಡಿ ತೋರಿಸಿ, ಕೂಡಲೇ ಮಾಡಿಸಿ. ಆಮೇಲೆ ಅಂತರ ಹಿಗ್ಗಿಸುತ್ತ ಕೇಳಿ: ಅರ್ಧ ನಿಮಿಷ, ಒಂದು, ಎರಡು, ನಾಲ್ಕು, ಎಂಟು ನಿಮಿಷ. ತಪ್ಪಿದರೆ ಸರಿ ಉತ್ತರವನ್ನು ತಕ್ಷಣ ಹೇಳಿ ಹಿಂದಿನ ಅಂತರಕ್ಕೆ ಇಳಿಯಿರಿ. ಒಂದು ದಿನಕ್ಕೆ ಒಂದೇ ವಿಷಯ. ಕಲಿಸುವವರೂ ಒಬ್ಬರೇ ಇರಲಿ, ಒಂದೇ ಮಾತಿನಲ್ಲಿ ಹೇಳಲಿ. ಮೂವರು ಮೂರು ಥರ ಹೇಳಿದರೆ ಮೂರೂ ಕಲಸುತ್ತದೆ.

ಬೈತಖೋಲ ದಕ್ಕೆ (ಕಾರವಾರ)

ಬೋಟಿನವರ ಬಗ್ಗೆಯೂ ಬರೆಯುತ್ತೇನೆ, ದಡದ ಮೇಲಿನ ಡಾಕ್ಟರರಿಗೆ ಬೋಟಿನ ಕೆಲಸ ಕಣ್ಣೆದುರು ಇರುವುದಿಲ್ಲ. "ಮೀನುಗಾರ" ಎಂದು ಕಾರ್ಡಿನಲ್ಲಿ ಬರೆದರೆ ಯಾರಿಗೂ ಏನೂ ತಿಳಿಯದು. ಬೋಟು ನಡೆಸುವ ತಾಂಡೇಲನ ಕೆಲಸ ಬೇರೆ, ಕೈಕೆಲಸದ ಖಲಾಸಿಯ ಕೆಲಸ ಬೇರೆ, ರೋಪು ಸುತ್ತುವ ವಿಂಚಿನ ಹತ್ತಿರ ನಿಲ್ಲುವವನದು ಬೇರೆ. ಟ್ರಾಲ್ ಬಲೆ ಎಳೆಯುವಾಗ ರೋಪು ಯಾವ ಬದಿಯಿಂದ ಬರುತ್ತದೆ ಎಂಬುದು ಮುಖ್ಯ. ಎಡ ಬದಿ ಕಾಣದವನನ್ನು ಎಡಕ್ಕೆ ರೋಪು ಬರುವಲ್ಲಿ ನಿಲ್ಲಿಸಿದರೆ ಕಾಲು ಸಿಕ್ಕಿಕೊಳ್ಳುತ್ತದೆ. ರಾತ್ರಿಯೆಲ್ಲ ಎಚ್ಚರ, ತುಂಡು ನಿದ್ದೆ, ಇದು ಫಿಟ್ಸನ್ನು ಕರೆದು ತರುತ್ತದೆ. ನೀರಿನ ನಡುವೆ ಫಿಟ್ಸ್ ಬಂದರೆ ಬೋಟಿನ ಅಂಚಿನಲ್ಲಿ ಹಿಡಿಯುವವರು ಯಾರು?

ಹಾಗಾಗಿ ದಡದ ಕೆಲಸದಿಂದ ಶುರು. ನಮ್ಮಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಆ 61 ದಿನ ದಕ್ಕೆಯ ಮೇಲೆ ಬಲೆ ಹೆಣೆಯುವ, ತೇಪೆ ಹಾಕುವ ಕೆಲಸ. ಮತ್ತೆ ಕೆಲಸಕ್ಕೆ ಹಚ್ಚಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ: ಹರಾಜಿನ ಕೂಗಿಲ್ಲ, ಓಡಾಟವಿಲ್ಲ, ಜೊತೆಗೆ ಪರಿಚಿತರು. ಬಲೆಯೇ ಪರೀಕ್ಷೆಯೂ ಹೌದು. ಒಂದು ಮೊಳ ತೇಪೆಯಲ್ಲಿ ಕಣ್ಣುಗಳು ಒಂದೇ ಅಳತೆಗೆ ಬಂದಿವೆಯೇ, ಗಂಟು ಜಾರುತ್ತದೆಯೇ, ಎಷ್ಟು ಹೊತ್ತಿಗೆ ಅಳತೆ ಕೆಡಲು ಶುರುವಾಯಿತು ಎಂದು ನೋಡಿ. ಮೊದಲ ಅರ್ಧ ತಾಸು ಚೊಕ್ಕವಿದ್ದು ಆಮೇಲೆ ಬಲೆಯ ಕಣ್ಣು ಹಿಗ್ಗಿದರೆ ದಣಿವು. ಶುರುವಿನಿಂದಲೇ ಹೆಚ್ಚುಕಮ್ಮಿ ಆದರೆ ಕೈ ಅಥವಾ ದೃಷ್ಟಿಯ ತೊಂದರೆ.

ಇನ್ನೊಂದು, ಯಾರೂ ಕೇಳದ್ದು: ಮೂಗು. ತಲೆಗೆ ಪೆಟ್ಟಾದವರಲ್ಲಿ ವಾಸನೆ ಹೋಗುವುದು ಸಾಮಾನ್ಯ, ಮೂಗಿನ ಮೇಲಿನ ಎಲುಬಿನ ಜರಡಿಯಲ್ಲಿ ಹಾದುಬರುವ ಸಣ್ಣ ನರಗಳು ಅಲ್ಲೇ ತುಂಡಾಗುತ್ತವೆ. ಬೋಟಿನ ಅಡುಗೆಗೆ ಗ್ಯಾಸ್ ಸಿಲಿಂಡರ್ ಇರುತ್ತದೆ, ಸೋರಿದರೆ ಅವನಿಗೆ ಗೊತ್ತಾಗುವುದಿಲ್ಲ. ಗ್ಯಾಸ್ ಅಲಾರಂ ಹಾಕಿಸಿ. ಸಿಲಿಂಡರ್ ಅನಿಲ ಗಾಳಿಗಿಂತ ಭಾರ, ಆದ್ದರಿಂದ ಅಲಾರಂ ನೆಲದ ಹತ್ತಿರ ಇರಬೇಕು, ಮೇಲೆ ಹೊಡೆದರೆ ವ್ಯರ್ಥ. ಮೀನು ಮಾರುವ ಹೆಂಗಸರಿಗೂ ಇದೇ ತೊಂದರೆ. ಬಂಗಡೆ ಕೆಟ್ಟಿದ್ದು ಮೂಗಿಗೆ ತಿಳಿಯದಿದ್ದರೆ ಕಣ್ಣು, ಬೆರಳಿಗೆ ಕಲಿಸಬೇಕು: ಕಿವಿರು ಕೆಂಪಿದೆಯೇ, ಕಣ್ಣು ಉಬ್ಬಿ ತಿಳಿಯಾಗಿದೆಯೇ, ಬೆರಳಲ್ಲಿ ಒತ್ತಿದ ಗುಂಡಿ ಮೇಲೆದ್ದು ಬಂತೇ. ಪ್ರತಿ ಬುಟ್ಟಿಗೆ ಮೂರು ಮೀನು ಹೀಗೆ ನೋಡಿ ತಗೊಳ್ಳಬೇಕು.

ಮಾತಿನ ಮನೆ (ವಾಕ್ ಚಿಕಿತ್ಸಕ, ಹೊನ್ನಾವರ)

ಭಾಷೆಯ ವಿಷಯ ಸೇರಿಸುತ್ತೇನೆ. ನಮ್ಮ ಕರಾವಳಿಯಲ್ಲಿ ಮನೆಯಲ್ಲಿ ಕೊಂಕಣಿ ಅಥವಾ ನವಾಯತಿ, ಕಚೇರಿಯಲ್ಲಿ ಕನ್ನಡ, ಗಿರಾಕಿಯ ಜೊತೆ ಹಿಂದಿ. ಎಡ ಮೆದುಳಿಗೆ ಪೆಟ್ಟಾದಾಗ ಎಲ್ಲ ಭಾಷೆ ಒಂದೇ ಪ್ರಮಾಣದಲ್ಲಿ ಮರಳಬೇಕೆಂದಿಲ್ಲ. ಕನ್ನಡದಲ್ಲಿ ಮಾತ್ರ ಪರೀಕ್ಷಿಸಿ "ಮಾತಿಲ್ಲ" ಎಂದು ಬರೆದರೆ ಅನ್ಯಾಯ. ಮನೆಮಾತಿನಲ್ಲೂ ನೋಡಬೇಕು, ಯಾವ ಭಾಷೆಯಲ್ಲಿ ಕೆಲಸದ ಸೂಚನೆ ಬೇಗ ತಿಳಿಯುತ್ತದೋ ಅದರಲ್ಲೇ ಕೊಡಬೇಕು.

ಅಂಕಿಗಳಲ್ಲಿ ವಿಶೇಷ ಎಚ್ಚರ. ಕನ್ನಡದಲ್ಲಿ ಇಪ್ಪತ್ತೈದು, ಹತ್ತರ ಸ್ಥಾನ ಮೊದಲು. ಕೊಂಕಣಿಯಲ್ಲಿ ಪಂಚವೀಸ, ಬಿಡಿ ಮೊದಲು. ಎರಡರ ನಡುವೆ ಓಡಾಡುವವರು ಪೆಟ್ಟಿನ ನಂತರ 25 ಕೇಳಿ 52 ಬರೆಯುವುದುಂಟು. ಲೆಕ್ಕ ಗೊತ್ತಿಲ್ಲದೆ ಆಗುವುದಲ್ಲ. ಮೊತ್ತವನ್ನು ಬಾಯಲ್ಲಿ ಹೇಳದೆ ಚೀಟಿಯಲ್ಲಿ ಅಂಕಿಯಾಗಿ ಬರೆದುಕೊಡಿ, ಅವರು ಬರೆದದ್ದನ್ನು ಗಟ್ಟಿಯಾಗಿ ಓದಲಿ. ಮಾತಿನ ತೊಂದರೆ ಉಳಿದವರನ್ನು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಒಮ್ಮೆ ತೋರಿಸುವುದು ಒಳ್ಳೆಯದು.

ಸೊಸೈಟಿ ಕಾರ್ಯದರ್ಶಿ

ಎಲ್ಲರಿಗೂ ಧನ್ಯವಾದ. ಮಂಡಳಿಯ ಮುಂದೆ ಕಾನೂನಿನ ಪ್ರಶ್ನೆ ಬರುತ್ತದೆ. ಅರ್ಧ ದಿನ ಕೆಲಸ ಮಾಡಿಸಿದರೆ ಅವರ ಅಪಘಾತ ಪರಿಹಾರದ ಕೇಸಿಗೆ ಪೆಟ್ಟು ಬೀಳುತ್ತದೆ ಎಂದು ಮನೆಯವರು ಹೆದರಿದ್ದಾರೆ.

ಕೋರ್ಟು ಅಂಗಳ (ವಕೀಲ, ಕುಮಟಾ)

ಆ ಹೆದರಿಕೆಯಿಂದ ಎಷ್ಟೋ ಜನ ಮನೆಯಲ್ಲೇ ಉಳಿಯುತ್ತಾರೆ, ಆದ್ದರಿಂದ ಸ್ಪಷ್ಟವಾಗಿ ಹೇಳುತ್ತೇನೆ. ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ್ದು ಇದು: ದೇಹದ ಅಂಗವೈಕಲ್ಯದ ಶೇಕಡಾವಾರು ಮತ್ತು ದುಡಿಮೆಯ ಶಕ್ತಿ ಕುಂದಿದ ಶೇಕಡಾವಾರು ಒಂದೇ ಅಲ್ಲ. ಆ ವ್ಯಕ್ತಿಯ ವೃತ್ತಿ ಏನು, ಈಗ ಅದರಲ್ಲಿ ಏನು ಮಾಡಬಲ್ಲ, ಏನು ಮಾಡಲಾರ ಎಂದು ನೋಡಬೇಕು. ನೀವು ದಿನಾಂಕ ಹಾಕಿ ಇಟ್ಟ ದಾಖಲೆ, ಅಂದರೆ ಎಷ್ಟು ತಾಸು ಆಯಿತು, ಯಾವ ಕೆಲಸ ತೆಗೆದುಹಾಕಬೇಕಾಯಿತು, ಎಂಥ ತಪ್ಪುಗಳಾದವು ಎಂಬುದು, ಅವರ ನಷ್ಟಕ್ಕೆ ಸಾಕ್ಷಿಯೇ ಆಗುತ್ತದೆ. ಕೇಸು ಇನ್ನೂ ಹಾಕಿಲ್ಲವಾದರೆ ತಡ ಮಾಡಬೇಡಿ. 2019ರ ತಿದ್ದುಪಡಿಯ ಪ್ರಕಾರ ಅಪಘಾತದಿಂದ ಆರು ತಿಂಗಳ ಮಿತಿ ಇದೆ, ನಿಮಗೆ ಆಗಲೇ ಐದು ಕಳೆದಿದೆ. ಈ ವಾರವೇ ವಕೀಲರನ್ನು ಕಾಣಿ.

ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿರುವ ಕಾರ್ಖಾನೆ, ಅಂಗಡಿಗಳ ನೌಕರರಿಗೆ ಇನ್ನೊಂದು ದಾರಿ: ಮನೆಯಿಂದ ಕೆಲಸಕ್ಕೆ ಹೋಗಿಬರುವಾಗಿನ ಅಪಘಾತವೂ, ಕೆಲಸದ ಜೊತೆ ಸಂಬಂಧ ತೋರಿಸಿದರೆ, ಉದ್ಯೋಗದ ಗಾಯ ಎಂದು ಪರಿಗಣನೆ ಆಗುತ್ತದೆ. ತಾತ್ಕಾಲಿಕ ಅಸಾಮರ್ಥ್ಯಕ್ಕೆ ವೇತನದ ಶೇಕಡಾ 90 ಸಿಗುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಮಿನಂತೆ ಸರಕಾರಿ ಸಂಸ್ಥೆಯಲ್ಲಿ ಸೇವೆಯಲ್ಲಿದ್ದಾಗ ಅಂಗವಿಕಲರಾದವರನ್ನು ತೆಗೆಯುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ. ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು, ಇಲ್ಲವಾದರೆ ಹೆಚ್ಚುವರಿ ಹುದ್ದೆ ಸೃಷ್ಟಿಸಿ ಇಟ್ಟುಕೊಳ್ಳಬೇಕು. ಸರಕಾರದ ಒಡೆತನ, ಹತೋಟಿ ಅಥವಾ ನೆರವಿನ ಸಂಸ್ಥೆಗಳೂ ಆ ವ್ಯಾಖ್ಯೆಗೆ ಬರುತ್ತವೆ. ನಿಮ್ಮ ಸಂಘ ಬರುತ್ತದೆಯೇ ಎಂಬುದನ್ನು ನಿಮ್ಮ ಬೈಲಾ, ಅನುದಾನದ ಕಾಗದ ನೋಡಿ ತೀರ್ಮಾನಿಸಬೇಕು, ಇಲ್ಲಿ ಕೂತು ಹೇಳಲಾಗದು. ಆ ಕಾಯ್ದೆಯ 21 ಬಗೆಗಳಲ್ಲಿ "ಮೆದುಳಿನ ಪೆಟ್ಟು" ಎಂಬ ಹೆಸರಿಲ್ಲ. ಉಳಿದ ತೊಂದರೆ ಯಾವುದೋ, ಕೈಕಾಲು, ಮಾತು, ದೃಷ್ಟಿ, ಮಾನಸಿಕ, ಅದರ ಅಡಿ ಪ್ರಮಾಣಪತ್ರ. ಅರ್ಜಿ ತುಂಬಲು ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ.

ಠರಾವಿನ ಒಕ್ಕಣೆ ಹೀಗಿರಲಿ: "ಸದರಿ ನೌಕರರನ್ನು ಅವರ ಒಪ್ಪಿಗೆಯ ಮೇರೆಗೆ 12 ವಾರಗಳ ಕಾಲ ಹಂತಹಂತದ ಕೆಲಸಕ್ಕೆ ತೆಗೆದುಕೊಳ್ಳುವುದು. ಈ ಅವಧಿಯಲ್ಲಿ ನಗದು ವ್ಯವಹಾರದ ಜವಾಬ್ದಾರಿ ಇರುವುದಿಲ್ಲ. ಹುದ್ದೆ, ಸೇವಾ ಹಿರಿತನ ಬದಲಾಗುವುದಿಲ್ಲ. ನಾಲ್ಕು ವಾರಗಳಿಗೊಮ್ಮೆ ಪರಿಶೀಲಿಸುವುದು." ನಗದಿನ ಸಾಲು ಅವರ ರಕ್ಷಣೆಗೂ ಬೇಕು. ಕ್ಯಾಶ್ ಕಡಿಮೆ ಬಿದ್ದು ಅಫರಾತಫರಿಯ ಆರೋಪ ಬಂದರೆ ಮರೆವು ಎಂದು ಆಮೇಲೆ ನಂಬಿಸುವುದು ಕಷ್ಟ.

ಕಾಳಿದಂಡೆ ಓಟಿ

ಠರಾವು ಚೆನ್ನಾಗಿದೆ. ಆ 12 ವಾರ ಹೀಗೆ ತುಂಬಿಸಿ.

ಮೊದಲ ಎರಡು ವಾರ: ಸೋಮ, ಬುಧ, ಶುಕ್ರ, ದಿನಕ್ಕೆ ಎರಡು ತಾಸು, ಬೆಳಿಗ್ಗೆ. ನಡುವೆ ಒಂದೊಂದು ದಿನ ಬಿಡುವುದು ದಣಿವು ಮರುದಿನ ಹೊಡೆಯುತ್ತದೆಯೇ ಎಂದು ನೋಡಲು. ಹಿಂದಿನ ದಿನದ ವೋಚರು ಮಾತ್ರ. ಟೆಂಡರ್ ದಿನ ಬೇಡ. ಮೂರು, ನಾಲ್ಕನೇ ವಾರ: ಅದೇ ಕೆಲಸ, ಮೂರು ತಾಸು. ಐದನೇ ವಾರ ತಾಸು ಹೆಚ್ಚಿಸದೆ ಗೊಬ್ಬರದ ಸ್ಟಾಕು ಸೇರಿಸಿ. ಹೊತ್ತು ಅಥವಾ ಕೆಲಸ, ಒಂದು ಸಲಕ್ಕೆ ಒಂದನ್ನೇ ಏರಿಸಿ. ಎರಡನ್ನೂ ಒಟ್ಟಿಗೆ ಏರಿಸಿದರೆ ತಪ್ಪು ಬಂದಾಗ ಯಾವುದರಿಂದ ಎಂದು ಹುಡುಕಲಾಗದು. ಒಂದು ವಾರ ಕೆಟ್ಟರೆ ಒಂದು ಮೆಟ್ಟಿಲು ಇಳಿಯಿರಿ, ಬುಡಕ್ಕೆ ಬೇಡ.

ವಿಶ್ರಾಂತಿ ಗಡಿಯಾರ ನೋಡಿ, ದಣಿವು ನೋಡಿ ಅಲ್ಲ. ದಣಿದೆ ಎಂದು ಅವರಿಗೆ ಗೊತ್ತಾಗುವಷ್ಟರಲ್ಲಿ ಎರಡು ತಪ್ಪು ಆಗಿರುತ್ತವೆ. ನಲವತ್ತು ನಿಮಿಷ ಕೆಲಸ, ಹತ್ತು ನಿಮಿಷ ಹಿಂದಿನ ಕೋಣೆಯಲ್ಲಿ, ಲೈಟು ಆರಿಸಿ, ಮೊಬೈಲಿಲ್ಲದೆ. ಚಹಾ ಕುಡಿಯುತ್ತ ಹತ್ತು ಜನರ ಹರಟೆ ವಿಶ್ರಾಂತಿ ಆಗುವುದಿಲ್ಲ. ಕುರ್ಚಿ ಗೋಡೆಗೆ ಬೆನ್ನು ಹಾಕಿ, ಬಾಗಿಲಿಗೆ ಎದುರಾಗದಂತೆ. ತಲೆಯ ಮೇಲೆ ಮಿಣುಕುವ ಟ್ಯೂಬ್‌ಲೈಟ್ ಇದ್ದರೆ ಅವತ್ತೇ ಬದಲಿಸಿ, ಹನ್ನೊಂದೂವರೆಯ ತಲೆನೋವಿನಲ್ಲಿ ಅದರ ಪಾಲೂ ಇರಬಹುದು.

ಮೊಬೈಲ್ ಅಲಾರಂ ಹಚ್ಚುವಾಗ "ಗೋದಾಮು" ಎಂದು ಬರೆಯಬೇಡಿ. "ಕೀಲಿ ತಗೊಂಡು ಗೋದಾಮಿಗೆ ಹೋಗಿ ಯೂರಿಯಾ ಚೀಲ ಎಣಿಸಿ" ಎಂದು ಮಾಡಬೇಕಾದ್ದನ್ನೇ ಬರೆಯಿರಿ. ಕೆಲಸ ಗೊತ್ತಿದ್ದೂ ಏಳದೆ ಕೂತಿರುವುದು ಇವರಲ್ಲಿ ಸೋಮಾರಿತನವಲ್ಲ, ಶುರು ಮಾಡುವ ಗುಂಡಿಗೇ ಪೆಟ್ಟಾಗಿದೆ. ಒಮ್ಮೆ ಎಬ್ಬಿಸಿದರೆ ಮುಗಿಸಿಯೇ ಬರುತ್ತಾರೆ.

ತಪ್ಪಿನ ಪಟ್ಟಿಗೆ ಒಂದು ನೋಟ್‌ಬುಕ್: ದಿನ, ಹೊತ್ತು, ಯಾವ ಕೆಲಸ, ಅದರ ಮುಂಚೆ ಏನು ನಡೆದಿತ್ತು. ತಪ್ಪುಗಳು ಕೊನೆಯ ಅರ್ಧ ತಾಸಿನಲ್ಲಿ ಗುಂಪಾಗಿದ್ದರೆ ಹೊತ್ತು ಕಡಿಮೆ ಮಾಡಿ. ಫೋನು ಬಂದ ಮೇಲೆ ಇದ್ದರೆ ಫೋನು ತೆಗೆಯಿರಿ. ಬರೀ ಹೊಸ ಸಾಫ್ಟ್‌ವೇರಿನಲ್ಲಿ ಇದ್ದರೆ ಕಲಿಸುವ ಕ್ರಮ ಬದಲಿಸಿ.

ಸಿಟ್ಟಿನ ಬಗ್ಗೆ ಅವರ ಜೊತೆ ಮೊದಲೇ ಮಾತಾಡಿ ಒಂದು ಸನ್ನೆ ಗೊತ್ತು ಮಾಡಿಕೊಳ್ಳಿ. ನೀವು ಮೇಜಿನ ಮೇಲೆ ಪೆನ್ನು ಅಡ್ಡ ಇಟ್ಟರೆ ಅವರು ಎದ್ದು ಹಿಂದಿನ ಕೋಣೆಗೆ ಹೋಗಬೇಕು, ಯಾರೂ ಏನೂ ಕೇಳಬಾರದು. ಉಳಿದ ಸಿಬ್ಬಂದಿಗೆ ಏನು ಹೇಳಬೇಕೆಂಬುದನ್ನು ಅವರೇ ಆರಿಸಲಿ. ಕಾಯಿಲೆಯ ವಿವರ ಯಾರಿಗೂ ಬೇಕಿಲ್ಲ, "ಬರೆಯುವಾಗ ಕರೆಯಬೇಡಿ, ಒಂದು ಸಲಕ್ಕೆ ಒಂದೇ ವಿಷಯ ಹೇಳಿ" ಎಂಬೆರಡು ಮಾತು ಸಾಕು. ಹೆಂಡತಿಗೆ ದಿನಕ್ಕೆ ಮೂರು ಸಲ ಫೋನು ಮಾಡಿ ವರದಿ ಕೊಡಬೇಡಿ, ಆ ತಾಯಿಗೆ ಮನೆಯಲ್ಲೇ ಸಾಕಷ್ಟಿದೆ.

ಒಂದು ಎಚ್ಚರಿಕೆ. ಕೆಲಸ ಮುರಿಯುವುದು ಹೆಚ್ಚಾಗಿ ಮೊದಲ ವಾರದಲ್ಲಿ ಅಲ್ಲ, ಎರಡು ಮೂರನೇ ತಿಂಗಳಲ್ಲಿ. ಎಲ್ಲ ಸರಿ ಹೋಯಿತೆಂದು ಪಟ್ಟಿ ಹರಿದು, ವಿಶ್ರಾಂತಿ ತಪ್ಪಿಸಿ, ಕ್ಯಾಶಿಗೆ ಕೂರಿಸಿಬಿಡುತ್ತಾರೆ. ಸರಿ ಹೋಗಿದ್ದು ಆ ಪಟ್ಟಿಯಿಂದಲೇ. ತೆಗೆಯುವುದಾದರೂ ಒಂದೊಂದೇ, ಎರಡು ವಾರದ ಅಂತರದಲ್ಲಿ.

ಸೊಸೈಟಿ ಕಾರ್ಯದರ್ಶಿ

ಮಂಗಳವಾರ ಮಂಡಳಿ ಸಭೆ. ಠರಾವಿನ ಕರಡು ಬರೆದೆ. ಹಿಂದಿನ ಕೋಣೆಯಲ್ಲಿದ್ದ ಹಳೆಯ ದಫ್ತರು ಅಟ್ಟಕ್ಕೆ ಹಾಕಿಸಿ ಒಂದು ಬೆಂಚು ಇಡಿಸುತ್ತೇನೆ. ವಕೀಲರ ಹತ್ತಿರ ನಾಳೆಯೇ ಹೋಗಲು ಅವರ ತಮ್ಮನಿಗೆ ಹೇಳಿದ್ದೇನೆ. ಬಸ್ಸಿನ ಬಗ್ಗೆ: ನಮ್ಮ ಪಿಗ್ಮಿ ಸಂಗ್ರಹಕಾರರು ಅದೇ ದಾರಿಯಲ್ಲಿ ಕಾರಿನಲ್ಲಿ ಬರುತ್ತಾರೆ, ಕರೆದುಕೊಂಡು ಬರಲು ಒಪ್ಪಿದ್ದಾರೆ. ಆದರೆ ಅವರು ಮುಟ್ಟುವುದು ಹತ್ತೂಕಾಲಿಗೆ. ಎರಡು ತಾಸನ್ನು ಹತ್ತೂವರೆಯಿಂದ ಎಣಿಸಲೇ?

ಕಾಳಿದಂಡೆ ಓಟಿ

ಹತ್ತೂವರೆಯಿಂದ ಎಣಿಸಿ. ಮೊದಲ ಹದಿನೈದು ನಿಮಿಷ ನೀರು ಕುಡಿದು ಸುಮ್ಮನೆ ಕೂರಲಿ, ಕಾರಿನ ತಿರುವು ತಲೆಯಿಂದ ಇಳಿಯಬೇಕು. ಸಂಜೆ ವಾಪಸು ಹೋಗುವ ಕಾರಿಗಾಗಿ ಐದರವರೆಗೆ ಕಾಯಿಸಬೇಡಿ. ಹನ್ನೆರಡೂವರೆಗೆ ಮನೆ ಮುಟ್ಟಿಸಲು ಯಾರಿದ್ದಾರೆ ಎಂದು ಸಭೆಗೆ ಮೊದಲೇ ನೋಡಿಕೊಳ್ಳಿ.